ನಡುಕದ ಕರೆಂಟು

ಅವರು: ಕಂಪನದಿಂದ ಕರೆಂಟು ತೆಗೆಯುತ್ತೇವೆ ಅನ್ನುವ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬಂದೇ ಬರುತ್ತದೆ. ರಸ್ತೆಯ ಕೆಳಗೆ ಒತ್ತಿದರೆ ಕರೆಂಟು ಕೊಡುವ ಹರಳು ಹೂತರೆ ಬೀದಿದೀಪ ಉರಿಯುತ್ತದಂತೆ, ನಿಲ್ದಾಣದ ನೆಲಕ್ಕೆ ಹಾಸಿದರೆ ಪ್ರಯಾಣಿಕರ ಹೆಜ್ಜೆಯಿಂದಲೇ ಗೇಟು ತೆರೆಯುತ್ತದಂತೆ. ಟೋಕಿಯೋ ನಿಲ್ದಾಣದಲ್ಲಿ 2006ರಲ್ಲಿ, ಮತ್ತೆ 2008ರಲ್ಲಿ ಪ್ರಯೋಗ ಮಾಡಿದರು. ಅದೇ 2008ರಲ್ಲಿ ರಾಟರ್‌ಡ್ಯಾಮಿನಲ್ಲಿ ಕುಣಿದರೆ ಬೆಳಗುವ ನೆಲದ ನೃತ್ಯಶಾಲೆಯೂ ತೆರೆಯಿತು. ಇಷ್ಟು ವರ್ಷ ಕಳೆದರೂ ಯಾವ ಊರಿನ ವಿದ್ಯುತ್ ಬಿಲ್ಲೂ ಇದರಿಂದ ಇಳಿದಿಲ್ಲ. ಈ ವಿದ್ಯೆಯನ್ನು ಸಮರ್ಥಿಸುವುದಕ್ಕೆ ಹೊರಟವರು ಮೊದಲು ಆ ಲೆಕ್ಕ ಒಪ್ಪಿಸಬೇಕು.

ಇವರು: ಲೆಕ್ಕ ಒಪ್ಪಿಸುವುದು ಕಷ್ಟವಲ್ಲ ಸಾರ್, ಅದು ನಿಮ್ಮ ಪರವಾಗಿಯೇ ಬರುತ್ತದೆ. 60 ಕಿಲೋ ತೂಕದವರೊಬ್ಬರು ಕಾಲಿಟ್ಟಾಗ ನೆಲದ ಹಲಗೆ 5 ಮಿಲಿಮೀಟರ್ ಕುಸಿಯಿತು ಅನ್ನಿ. ಸಿಗುವುದು ಹೆಚ್ಚೆಂದರೆ 3 ಜೂಲ್. ನಾವು ಮೀಟರಿನಲ್ಲಿ ನೋಡುವ ಒಂದು ಯೂನಿಟ್ ಅಂದರೆ 36 ಲಕ್ಷ ಜೂಲ್. ಎಲ್ಲೂ ಏನೂ ಸೋರಿಹೋಗಲಿಲ್ಲ ಅಂದುಕೊಂಡರೂ ಹತ್ತು ರೂಪಾಯಿ ಬಾಳದ ಆ ಒಂದು ಯೂನಿಟ್ಟಿಗೆ 12 ಲಕ್ಷ ಹೆಜ್ಜೆ ಬೇಕು. ರಸ್ತೆಯದು ಇನ್ನೂ ಕೆಟ್ಟ ಕಥೆ. ಇಸ್ರೇಲಿನಲ್ಲಿ 2009ರಲ್ಲಿ ರಸ್ತೆಯ ಒಂದು ತುಂಡಿನ ಕೆಳಗೆ ಹರಳು ಹೂತು ನೋಡಿದರು. ರಸ್ತೆ ಕೂದಲೆಳೆಯಷ್ಟು ಹೆಚ್ಚಾಗಿ ತಗ್ಗಿದರೂ ಆ ತಗ್ಗಿನಿಂದ ಏರಿ ಬರಲು ಲಾರಿ ಅಷ್ಟು ಹೆಚ್ಚು ಡೀಸೆಲ್ ಸುಡಬೇಕು. ಎಂಜಿನ್ನಿನಿಂದ ಚಕ್ರಕ್ಕೆ ಮುಟ್ಟುವುದು ಇಂಧನದ ಮೂರನೇ ಒಂದು ಪಾಲು, ಹರಳಿಗೆ ಮುಟ್ಟುವುದು ಅದರ ಚೂರು. ಹಾಗಾಗಿ ಅದು ದಾರಿಹೋಕರ ಟ್ಯಾಂಕಿನಿಂದ ದುಬಾರಿ ದರದಲ್ಲಿ ಕರೆಂಟು ಕದ್ದಂತೆ. ರಸ್ತೆ ಹೇಗೂ ಬಾಗುತ್ತದೆ, ವ್ಯರ್ಥವಾಗುವುದನ್ನಷ್ಟೇ ಹಿಡಿಯುತ್ತೇವೆ ಅನ್ನುವ ಸಮರ್ಥನೆ ಉಂಟು. ಗಟ್ಟಿ ರಸ್ತೆಯಲ್ಲಿ ಹಾಗೆ ವ್ಯರ್ಥವಾಗುವುದೇ ಅತ್ಯಲ್ಪ. ಬಹಳ ಬಾಗುವ ರಸ್ತೆಗೆ ಬೇಕಾದ್ದು ಹರಳಲ್ಲ, ಡಾಂಬರು. ಆದ್ದರಿಂದ ಬೀದಿದೀಪ, ನೃತ್ಯಶಾಲೆಗಳನ್ನು ನಾನು ಮೊದಲೇ ಬಿಟ್ಟುಕೊಡುತ್ತೇನೆ. ಕಂಪನವನ್ನು ವಿದ್ಯುತ್ತಿನ ಮೂಲ ಅಂತ ಮಾರಿದವರೇ ಅದಕ್ಕೆ ಕೆಟ್ಟ ಹೆಸರು ತಂದದ್ದು. ಎಷ್ಟು ಸಿಗುತ್ತದೆ ಅನ್ನುವುದಕ್ಕಿಂತ ಎಲ್ಲಿ ಸಿಗುತ್ತದೆ, ಅಲ್ಲಿ ಬೇರೇನು ಸಿಗುವುದಿಲ್ಲ ಅನ್ನುವುದನ್ನು ಹಿಡಿದು ಹೋದರೆ ಇದರ ಬೆಲೆ ತಿಳಿಯುತ್ತದೆ.

ಅವರು: ಬೀದಿದೀಪ ಹೋಯಿತು. ಇನ್ನು ಉಳಿದದ್ದೇನು?

ಇವರು: ಉಳಿದದ್ದು ಮೈಕ್ರೋವ್ಯಾಟ್, ಎಂದರೆ ಒಂದು ವ್ಯಾಟಿನ ಹತ್ತು ಲಕ್ಷದ ಒಂದು ಪಾಲು. ಮೂಲತತ್ವಗಳು ಹಳೆಯವು. ತಂತಿಸುರುಳಿಯ ಬಳಿ ಆಯಸ್ಕಾಂತ ಅಲುಗಿದರೆ ವಿದ್ಯುತ್ ಹುಟ್ಟುತ್ತದೆ ಅಂತ ಫ್ಯಾರಡೆ ತೋರಿಸಿದ್ದು 1831ರಲ್ಲಿ. ಕೆಲವು ಹರಳುಗಳನ್ನು ಒತ್ತಿದರೆ ಎರಡು ಮುಖಗಳಲ್ಲಿ ವಿದ್ಯುದಂಶ ಮೂಡುತ್ತದೆ ಅಂತ ಪಿಯರ್ ಕ್ಯೂರಿ ಮತ್ತು ಅವರ ಅಣ್ಣ ಜಾಕ್ ತೋರಿಸಿದ್ದು 1880ರಲ್ಲಿ. ಅಡುಗೆಮನೆಯ ಗ್ಯಾಸ್ ಲೈಟರಿನಲ್ಲಿ ಟಪ್ಪೆಂದು ಕಿಡಿ ಹಾರುವುದು ಪೀಜೋ ಅನ್ನುವ ಅದೇ ಗುಣದಿಂದ. ಕಂಪನದಿಂದ ಕರೆಂಟು ಕೊಯ್ಯುವ ಸಾಧನದ, ಅಂದರೆ ಕೊಯ್ಲಿನ ಸಾಧನದ, ಒಳಗಿರುವುದು ಇಷ್ಟೇ: ಒಂದು ತುದಿಯಲ್ಲಿ ಬಿಗಿದ ತೆಳು ಪಟ್ಟಿ, ಇನ್ನೊಂದು ತುದಿಯಲ್ಲಿ ಸಣ್ಣ ತೂಕ, ಪಟ್ಟಿಯ ಮೇಲೆ ಪೀಜೋ ಪದರ ಅಥವಾ ಪಕ್ಕದಲ್ಲಿ ಆಯಸ್ಕಾಂತ ಮತ್ತು ಸುರುಳಿ. ಯಂತ್ರ ನಡುಗಿದಾಗ ಪೆಟ್ಟಿಗೆ ಅದರೊಂದಿಗೆ ಅಲುಗುತ್ತದೆ, ತೂಕ ಜಡತ್ವದಿಂದ ಹಿಂದೆ ಉಳಿಯುತ್ತದೆ, ನಡುವಿನ ಪಟ್ಟಿ ಬಾಗುತ್ತದೆ. ಸಂಶೋಧಕರಾದ ವಿಲಿಯಮ್ಸ್ ಮತ್ತು ಯೇಟ್ಸ್ 1996ರಲ್ಲಿ ಇದನ್ನು ತೂಕ, ಸ್ಪ್ರಿಂಗ್, ಘರ್ಷಣೆಯ ಸರಳ ಸಮೀಕರಣಕ್ಕೆ ಇಳಿಸಿದ ಮೇಲೆ ಊಹಾಪೋಹ ನಿಂತು ಲೆಕ್ಕಾಚಾರ ಶುರುವಾಯಿತು. ಬರ್ಕ್‌ಲಿಯ ರೌಂಡಿ ಮತ್ತು ರೈಟ್ 2004ರಲ್ಲಿ ಒಂದು ಘನ ಸೆಂಟಿಮೀಟರಿನ ಪೀಜೋ ಸಾಧನದಿಂದ 375 ಮೈಕ್ರೋವ್ಯಾಟ್ ತೆಗೆದರು. ಕಂಪನದ ವೇಗೋತ್ಕರ್ಷ ಗುರುತ್ವದ ಕಾಲು ಭಾಗ, ಆವೃತ್ತಿ 120 ಹರ್ಟ್ಸ್. ಸೌತಾಂಪ್ಟನ್ನಿನ ಬೀಬಿ ಮತ್ತು ಸಂಗಡಿಗರು 2007ರಲ್ಲಿ ಅದಕ್ಕಿಂತ ಬಹಳ ಚಿಕ್ಕ ಆಯಸ್ಕಾಂತದ ಸಾಧನದಿಂದ, ಬಹಳ ಮೆಲ್ಲನೆಯ 52 ಹರ್ಟ್ಸ್ ಕಂಪನದಲ್ಲಿ 46 ಮೈಕ್ರೋವ್ಯಾಟ್ ತೆಗೆದರು.

ಅವರು: ಆ ಸಮೀಕರಣವನ್ನು ನಾನೂ ನೋಡಿದ್ದೇನೆ, ಅದರೊಳಗೇ ಒಂದು ಮುಳ್ಳಿದೆ. ಸಿಗುವ ಶಕ್ತಿ ತೂಕದ ಮೇಲೆ ನಿಂತಿದೆ, ತೂಕ ಓಲಾಡಲು ಸಿಗುವ ಜಾಗದ ಮೇಲೂ ನಿಂತಿದೆ. ಸಾಧನದ ಉದ್ದ, ಅಗಲ, ಎತ್ತರಗಳನ್ನು ಹತ್ತನೇ ಒಂದಕ್ಕೆ ಇಳಿಸಿದರೆ ತೂಕ ಸಾವಿರದ ಒಂದಕ್ಕೆ ಇಳಿಯಿತು, ಓಲಾಡುವ ಜಾಗ ಹತ್ತನೇ ಒಂದಕ್ಕೆ ಇಳಿಯಿತು. ಒಟ್ಟು ಹತ್ತು ಸಾವಿರ ಪಟ್ಟು ನಷ್ಟ. ನಿಮ್ಮ 375 ಮೈಕ್ರೋವ್ಯಾಟ್ ಒಂದು ಕೈಗಡಿಯಾರಕ್ಕೂ ಸಾಲದಷ್ಟಾಗುತ್ತದೆ. ಅದೂ ಅಲ್ಲದೆ ಪಟ್ಟಿ ಚಿಕ್ಕದಾದಂತೆ ಅದರ ಸಹಜ ಆವೃತ್ತಿ ಏರುತ್ತದೆ. ಕಾರ್ಖಾನೆಯ ಯಂತ್ರಗಳು ಬಹುಪಾಲು 200 ಹರ್ಟ್ಸ್‌ನ ಒಳಗೆ ನಡುಗುವಾಗ ಮಿಲಿಮೀಟರ್ ಗಾತ್ರದ ಪಟ್ಟಿ ಸಾವಿರ ಹರ್ಟ್ಸ್‌ನ ದಾರಿ ಕಾಯುತ್ತಾ ಕೂತಿರುತ್ತದೆ. ಚಿಕ್ಕ ಸಾಧನಗಳಿಗಾಗಿ ಅಂತ ಹೇಳಿ, ಚಿಕ್ಕದಾದಷ್ಟೂ ಸೋಲುವ ವಿದ್ಯೆಯನ್ನು ತಂದಿದ್ದೀರಿ.

ಇವರು: ಒಪ್ಪಿದೆ. ಉಗುರಿನಗಲದ ಚಿಪ್ಪಿನೊಳಗೆ ಜನರೇಟರ್ ಕೂರಿಸುತ್ತೇವೆ ಅನ್ನುವ ಜಾಹೀರಾತನ್ನು ನಾನೂ ನಂಬುವುದಿಲ್ಲ. ಕೆಲಸಕ್ಕೆ ಬರುವ ಕೊಯ್ಲಿನ ಸಾಧನ ನಿಂಬೆಹಣ್ಣಿನ ಗಾತ್ರದಿಂದ ಮುಷ್ಟಿಯ ಗಾತ್ರದವರೆಗೆ ಇರುತ್ತದೆ. ಚಿಕ್ಕದಾದದ್ದು ಅದು ನಡೆಸುವ ಸಾಧನದ ಹಸಿವು. ಈ ಕ್ಷೇತ್ರದ ಪ್ರಗತಿ ಅಂತ ಹೇಳಿಕೊಳ್ಳುವುದರಲ್ಲಿ ಮುಕ್ಕಾಲು ಪಾಲು ಕೊಯ್ಲು ಹೆಚ್ಚಿದ್ದರಿಂದ ಬಂದದ್ದೇ ಅಲ್ಲ; ಸಂಬಳ ಏರದ ಮನೆಯಲ್ಲಿ ಖರ್ಚು ಇಳಿಸಿ ಸಾಲ ತೀರಿಸಿದ ಹಾಗೆ, ಎಲೆಕ್ಟ್ರಾನಿಕ್ಸ್ ತನ್ನ ಖರ್ಚು ಇಳಿಸಿಕೊಂಡದ್ದರಿಂದ ಬಂದದ್ದು. ಇಂದಿನ ಒಂದು ಸೆನ್ಸರ್ ನಿದ್ದೆಯಲ್ಲಿ ಎಳೆಯುವುದು 3 ವೋಲ್ಟಿನಲ್ಲಿ ಒಂದು ಮೈಕ್ರೋಆಂಪ್ ಆಸುಪಾಸು, ಎಂದರೆ 3 ಮೈಕ್ರೋವ್ಯಾಟ್. ಎಚ್ಚೆತ್ತು ರೇಡಿಯೋದಲ್ಲಿ ಒಂದು ಮಾತು ಹೇಳಲು 10 ಮಿಲಿಆಂಪ್ ಬೇಕು, ಆದರೆ ಅದು 5 ಮಿಲಿಸೆಕೆಂಡಿನ ಮಾತು. ನಿಮಿಷಕ್ಕೊಮ್ಮೆ ಹೀಗೆ ಮಾತಾಡಿದರೆ ಸರಾಸರಿ ಎರಡೂವರೆ ಮೈಕ್ರೋವ್ಯಾಟ್. ಒಟ್ಟು ಆರರ ಒಳಗೆ. ನಡುವೆ ಡಯೋಡಿನಲ್ಲಿ ಒಂದಿಷ್ಟು ಹೋಗುತ್ತದೆ, ಕೂಡಿಡುವ ಕೆಪಾಸಿಟರ್ ಒಂದಿಷ್ಟು ಸೋರುತ್ತದೆ. ಅದನ್ನೆಲ್ಲ ಕಳೆದರೂ ಉಳಿಯುತ್ತದೆ.

ಅವರು: ಯಂತ್ರ ಸರಿಯಾಗಿ ನಿಮ್ಮ ಆವೃತ್ತಿಯಲ್ಲೇ ನಡುಗಿದರೆ ಉಳಿಯುತ್ತದೆ. ಅನುರಣನೆಗೆ ಕೂತಾಗ ಪಟ್ಟಿಯ ಓಲಾಟ ಹತ್ತಾರು ಪಟ್ಟು ಹೆಚ್ಚುತ್ತದೆ, ನಿಜ. ಆದರೆ ಆ ಲಾಭ ಸೂಜಿಮೊನೆಯಷ್ಟು ಅಗಲದಲ್ಲಿ ಮಾತ್ರ ಸಿಗುತ್ತದೆ. ಐವತ್ತು ಪಟ್ಟು ಹೆಚ್ಚಿಸುವ ಪಟ್ಟಿ 25 ಹರ್ಟ್ಸ್‌ಗೆ ಕೂತಿದ್ದರೆ ಅದರ ಕಿಟಕಿ ಅರ್ಧ ಹರ್ಟ್ಸ್ ಅಗಲ. ನಾಲ್ಕು ಪೋಲಿನ ಇಂಡಕ್ಷನ್ ಮೋಟಾರು ಖಾಲಿ ತಿರುಗುವಾಗ ನಿಮಿಷಕ್ಕೆ 1500 ಸುತ್ತಿನ ಹತ್ತಿರ, ಪೂರ್ತಿ ಲೋಡಿನಲ್ಲಿ 1440ರ ಹತ್ತಿರ. ಹರ್ಟ್ಸ್ ಲೆಕ್ಕದಲ್ಲಿ 25ರಿಂದ 24ಕ್ಕೆ ಬಂತು. ಪಂಪಿನ ವಾಲ್ವ್ ತಿರುಗಿಸಿದರೆ ಸಾಕು, ನಿಮ್ಮ ಪಟ್ಟಿ ಕಿಟಕಿಯಾಚೆ ಬೀಳುತ್ತದೆ. ವೇಗ ಬದಲಿಸುವ ಡ್ರೈವ್ ಹಾಕಿದ ಮೋಟಾರಿನ ಮಾತೇ ಬೇಡ.

ಇವರು: ಮೋಟಾರಿನ ಸುತ್ತನ್ನು ನೆಚ್ಚಿಕೊಂಡವರು ಹಾಗೆಯೇ ಕೆಟ್ಟದ್ದು. ಅದಕ್ಕೇ 2009ರಿಂದ ಈಚೆಗೆ ಸಂಶೋಧಕರು ಆಯಸ್ಕಾಂತ ಸೇರಿಸಿ ಎರಡು ನೆಲೆಗಳ ನಡುವೆ ಜಿಗಿಯುವ ಪಟ್ಟಿಗಳನ್ನು ಮಾಡಿದರು; ಅವು ಅಗಲವಾದ ಕಿಟಕಿಯಲ್ಲಿ ಕೆಲಸ ಮಾಡುತ್ತವೆ, ಆದರೆ ಕಂಪನ ಮೆಲ್ಲಗಿದ್ದರೆ ಜಿಗಿಯದೆ ಒಂದೇ ಬದಿಯಲ್ಲಿ ಕೂತುಬಿಡುತ್ತವೆ. ಮೋಟಾರಿನ ಸುತ್ತಿಗಿಂತ ಸ್ಥಿರವಾದ ಇನ್ನೊಂದು ಮೂಲ ನಮ್ಮ ಕಣ್ಣೆದುರೇ ಇದೆ, ವಿದ್ಯುತ್ ಜಾಲದ ಗುಂಯ್‌ ಶಬ್ದ. ಟ್ರಾನ್ಸ್‌ಫಾರ್ಮರಿನ ಉಕ್ಕು ಕಾಂತಬಲಕ್ಕೆ ಸಿಕ್ಕಿ ಪ್ರತಿ ಅರ್ಧ ಆವರ್ತಕ್ಕೊಮ್ಮೆ ಹಿಗ್ಗಿ ಕುಗ್ಗುತ್ತದೆ, ಹಾಗಾಗಿ 50 ಹರ್ಟ್ಸ್ ಪೂರೈಕೆಯಲ್ಲಿ ಅದು 100 ಹರ್ಟ್ಸ್‌ನಲ್ಲಿ ಹಾಡುತ್ತದೆ. ಅಮೆರಿಕದ್ದು 60 ಹರ್ಟ್ಸ್, ಅಲ್ಲಿ 120. ಬರ್ಕ್‌ಲಿಯ ಸಾಧನ 120ಕ್ಕೆ ಕೂತದ್ದು ಆಕಸ್ಮಿಕವಲ್ಲ, ಅದನ್ನು ಹಾಗೆಯೇ ತಂದು ಇಲ್ಲಿಯ ಟ್ರಾನ್ಸ್‌ಫಾರ್ಮರಿಗೆ ಅಂಟಿಸಿದರೆ ಸತ್ತಂತೆ ಕೂತಿರುತ್ತದೆ. ಇಲ್ಲಿಗೆ ಬೇಕಾದ ಪಟ್ಟಿ ಇಲ್ಲೇ ಆಗಬೇಕು. 2000ದ ಇಸವಿಯ ಸುತ್ತಮುತ್ತ ನಮ್ಮ ಜಾಲದ ಆವೃತ್ತಿ 48ರ ಹತ್ತಿರಕ್ಕೂ ಜಾರುತ್ತಿತ್ತು, ಆಗ ಈ ಯೋಚನೆಯೇ ಹುಚ್ಚು ಅನ್ನಿಸುತ್ತಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ಜಾಲ ದೇಶದ ಉಳಿದ ಜಾಲಕ್ಕೆ ಕೂಡಿಕೊಂಡಿತು. ಈಗ ನಿಯಮದ ಪ್ರಕಾರ ಆವೃತ್ತಿ 49.90ರಿಂದ 50.05ರೊಳಗೆ ಇರಬೇಕು. ಕಂಪನಕ್ಕೆ ಬಂದರೆ 99.8ರಿಂದ 100.1. ನೀವು ಹೇಳಿದ ಸೂಜಿಮೊನೆಯ ಕಿಟಕಿಗೂ ಇದು ಸುಲಭವಾಗಿ ಹಿಡಿಸುತ್ತದೆ.

ಅವರು: ಚೆನ್ನಾಗಿದೆ. ಟ್ರಾನ್ಸ್‌ಫಾರ್ಮರಿನ ಮೈಮೇಲೆ ಕೂತು, ಅದರ ನಡುಕದಿಂದ ಕರೆಂಟಿಗಾಗಿ ಕೈಚಾಚುತ್ತೀರಿ! ಸಾವಿರಾರು ವ್ಯಾಟ್ ಪಕ್ಕದಲ್ಲೇ ಹರಿಯುತ್ತಿದೆ. ತಂತಿಯ ಸುತ್ತ ಒಂದು ಸುರುಳಿ ಬಿಗಿದರೆ ಅದರ ಕಾಂತಕ್ಷೇತ್ರದಿಂದಲೇ ನಿಮಗೆ ಬೇಕಾದ್ದರ ನೂರುಪಟ್ಟು ಸಿಗುತ್ತದೆ.

ಇವರು: ತಂತಿಗೆ ಕೈಹಚ್ಚಬೇಕಾದರೆ ಲೈನ್ ಆಫ್ ಮಾಡಿಸಬೇಕು, ಹೊರಮೈಗೆ ಅಂಟಿಸುವ ಪೆಟ್ಟಿಗೆಗೆ ಅದು ಬೇಡ ಅನ್ನುವ ಸಣ್ಣ ಅನುಕೂಲ ಇದೆ. ಅದನ್ನು ಬಿಟ್ಟರೆ ನಿಮ್ಮ ಮಾತು ಸರಿ, ಕರೆಂಟು ಇರುವ ಕಡೆ ಕಂಪನ ಎರಡನೆಯ ಆಯ್ಕೆ. ಸ್ಥಿರ ಕಂಪನ ಸಿಗುವ ಜಾಗದಲ್ಲಿ ಸಾಮಾನ್ಯವಾಗಿ ವಿದ್ಯುತ್ತೂ ಇರುತ್ತದೆ ಅನ್ನುವುದು ಈ ವಿದ್ಯೆಯ ಒಳಗಿನ ವಿಪರ್ಯಾಸ. ಅದರಿಂದಲೇ ಇದರ ಕ್ಷೇತ್ರ ಉತ್ಸಾಹಿಗಳು ಹೇಳುವಷ್ಟು ವಿಶಾಲವಲ್ಲ.

ಅವರು: ಇನ್ನು ಬ್ಯಾಟರಿಯ ಮಾತು. ಇದನ್ನು ನೀವೇ ನನ್ನ ಕೈಗೆ ಕೊಟ್ಟಿದ್ದೀರಿ. ಅಂಗಡಿಯಲ್ಲಿ ಸಿಗುವ ಸಾದಾ 2032 ಬಟನ್ ಸೆಲ್ಲಿನಲ್ಲಿ 225 ಮಿಲಿಆಂಪ್ ಗಂಟೆ, 3 ವೋಲ್ಟ್, ಸುಮಾರು 2,430 ಜೂಲ್. ನಿಮ್ಮ ಸೆನ್ಸರಿಗೆ ಆರು ಮೈಕ್ರೋವ್ಯಾಟ್ ಸಾಕು ಅಂದಿರಿ. ಭಾಗಿಸಿ ನೋಡಿ, ಹನ್ನೆರಡು ವರ್ಷ ದಾಟುತ್ತದೆ. ಸೆಲ್ಲು ತಾನಾಗಿಯೇ ಒಂದಿಷ್ಟು ಇಳಿಯುತ್ತದೆ ಅಂತ ಬಿಟ್ಟರೂ ಎಂಟು ಹತ್ತು ವರ್ಷಕ್ಕೆ ಮೋಸವಿಲ್ಲ. ಪಟ್ಟಿ, ತೂಕ, ಡಯೋಡು, ಕೆಪಾಸಿಟರು ಎಲ್ಲ ಸೇರಿಸಿ ನೀವು ಮಾಡುವ ಪೆಟ್ಟಿಗೆಯ ಬೆಲೆಯಲ್ಲಿ ಇಂಥ ಎಷ್ಟು ಸೆಲ್ಲು ಬರುತ್ತದೆ? ಸೆನ್ಸರಿನ ಹಸಿವು ಇಳಿದಷ್ಟೂ ನಿಮಗೆ ಅನುಕೂಲ ಅಂದಿರಿ. ಅದಕ್ಕಿಂತ ಹೆಚ್ಚಿನ ಅನುಕೂಲ ಬ್ಯಾಟರಿಗೇ ಆಯಿತು.

ಇವರು: ಇದುವರೆಗಿನ ಆಕ್ಷೇಪಗಳಲ್ಲಿ ಇದೇ ಗಟ್ಟಿ. ಅರ್ಧದಷ್ಟು ಒಪ್ಪಿಕೊಂಡೇ ಉತ್ತರಿಸಬೇಕು. ಕೋಣೆಯ ಉಷ್ಣಾಂಶವನ್ನು ನಿಮಿಷಕ್ಕೊಮ್ಮೆ ಹೇಳುವ ಕೆಲಸಕ್ಕೆ ಸೆಲ್ಲೇ ಸರಿ. ಆದರೆ ಆರು ಮೈಕ್ರೋವ್ಯಾಟ್ ಬರೀ ಒಂದು ಅಂಕಿ ಹೇಳುವ ಸೆನ್ಸರಿನ ಖರ್ಚು. ಬೇರಿಂಗಿನ ಆರೋಗ್ಯ ನೋಡಲು ಒಂದು ಅಂಕಿ ಸಾಲದು. ಒಳಗಿನ ಉರುಳೆಯಲ್ಲೋ ಹೊರಗಿನ ಬಳೆಯಲ್ಲೋ ಬಿರುಕು ಮೂಡಿದ್ದರೆ ಅದು ಕಂಪನದಲ್ಲಿ ತನ್ನದೇ ಲಯದ ತಾಡನವಾಗಿ ಕಾಣಿಸಿಕೊಳ್ಳುತ್ತದೆ. ಅದನ್ನು ಹಿಡಿಯಲು ಸೆಕೆಂಡಿಗೆ ಸಾವಿರಾರು ಬಾರಿ ಅಳೆದು, ಆವೃತ್ತಿಗಳನ್ನು ಬಿಡಿಸಿ, ಫಲಿತಾಂಶ ಕಳಿಸಬೇಕು. 30 ಮಿಲಿವ್ಯಾಟಿನಲ್ಲಿ ಎರಡು ಸೆಕೆಂಡಿನ ಕೆಲಸ ಅನ್ನಿ, ಐದು ನಿಮಿಷಕ್ಕೊಮ್ಮೆ ಮಾಡಿದರೆ ಸರಾಸರಿ 200 ಮೈಕ್ರೋವ್ಯಾಟ್. ನಿಮ್ಮ ಬಟನ್ ಸೆಲ್ ಐದು ತಿಂಗಳೂ ಬಾರದು. ಹೆಬ್ಬೆರಳು ಗಾತ್ರದ ಒಳ್ಳೆಯ ಲಿಥಿಯಂ ಸೆಲ್ ಐದು ವರ್ಷಕ್ಕೆ ಮುಗಿಯುತ್ತದೆ. ಇನ್ನು ಜಾಗಕ್ಕೆ ಬರೋಣ. ನಮ್ಮ ರೈಲ್ವೆಯ ಗೂಡ್ಸ್ ವ್ಯಾಗನ್‌ನಲ್ಲಿ ವಿದ್ಯುತ್ ತಂತಿಯೇ ಇಲ್ಲ; ಎಂಜಿನ್ನಿನಿಂದ ಹಿಂದಕ್ಕೆ ಹರಿಯುವುದು ಬ್ರೇಕಿನ ಗಾಳಿ ಮಾತ್ರ. ಒಂದು ವ್ಯಾಗನ್ನಿಗೆ ನಾಲ್ಕು ಆಕ್ಸಲ್, ಎಂಟು ಬೇರಿಂಗ್. ಕಲ್ಲಿದ್ದಲು, ಅದಿರು ಸಾಗಿಸುವ 58 ವ್ಯಾಗನ್‌ಗಳ ಒಂದು ರೇಕಿನಲ್ಲಿ 464. ಇವುಗಳಲ್ಲಿ ಯಾವುದಾದರೊಂದು ಕಾದು ಬಿಗಿದರೆ ಹಾಟ್ ಆಕ್ಸಲ್. ಆಕ್ಸಲ್ ಮುರಿದರೆ ಗಾಡಿ ಹಳಿ ತಪ್ಪುತ್ತದೆ. ಕಂಪನ ಬೇಕಾದಷ್ಟಿದೆ, ಕರೆಂಟು ಇಲ್ಲ, ಅಳೆಯಬೇಕಾದ ಅಗತ್ಯ ಇದೆ. ಮೂರೂ ಒಟ್ಟಿಗೆ ಸೇರುವ ಇಂಥ ಜಾಗವೇ ಈ ವಿದ್ಯೆಯ ಮನೆ.

ಅವರು: ಆ ವ್ಯಾಗನ್ ಹೇಗೂ ಒಂದೂವರೆ ಎರಡು ವರ್ಷಕ್ಕೊಮ್ಮೆ ಓವರ್‌ಹಾಲಿಗೆ ಬರುತ್ತದೆ. ಆಗ ಸೆಲ್ ಬದಲಿಸಿದರೆ ಮುಗಿಯಿತು. ಇನ್ನೊಂದು, ತಿರುಗುವ ಆಕ್ಸಲ್ ಇರುವಾಗ ನಡುಕದ ಹಂಗೇಕೆ? ನಮ್ಮ ಹಳೆಯ ಪ್ಯಾಸೆಂಜರ್ ಬೋಗಿಗಳಲ್ಲಿ ಆಕ್ಸಲ್ಲಿಗೆ ಬೆಲ್ಟ್ ಹಾಕಿ ಆಲ್ಟರ್ನೇಟರ್ ತಿರುಗಿಸಿ ದೀಪ, ಫ್ಯಾನು ನಡೆಸಿದ್ದೇವೆ.

ಇವರು: ತಿರುಗುವಿಕೆ ಕಂಪನಕ್ಕಿಂತ ಎಷ್ಟೋ ಪಾಲು ದೊಡ್ಡ ಮೂಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ಹಿಡಿಯಬೇಕಾದರೆ ಆಕ್ಸಲ್ಲಿನ ತುದಿಯ ಮುಚ್ಚಳ ಬಿಚ್ಚಬೇಕು, ತಿರುಗುವ ಭಾಗ ಮತ್ತು ನಿಂತ ಭಾಗದ ನಡುವೆ ಹೊಸ ಜೋಡಣೆ ಬೇಕು. ಗ್ರೀಸು ಹೊರಬಾರದಂತೆ, ಧೂಳು ಒಳಹೋಗದಂತೆ ಸೀಲ್ ಮಾಡಿದ ಬೇರಿಂಗನ್ನು ಕಾಯುವುದಕ್ಕೆ ಅದರ ಸೀಲನ್ನೇ ಕೆದಕಿದಂತಾಗುತ್ತದೆ. ಕಂಪನದ ಪೆಟ್ಟಿಗೆಯನ್ನು ಹೊರಗಿನಿಂದ ಬೋಲ್ಟ್ ಹಾಕಿ ಬಿಗಿದರೆ ಸಾಕು. ಇದು ಕನಸಲ್ಲ. ಸೌತಾಂಪ್ಟನ್ ವಿಶ್ವವಿದ್ಯಾಲಯದಿಂದ 2004ರಲ್ಲಿ ಹೊರಬಂದ ಪರ್ಪೆಟ್ಯೂಮ್ ಕಂಪನಿ ಬ್ರಿಟನ್ನಿನ ಪ್ಯಾಸೆಂಜರ್ ರೈಲುಗಳ ಚಕ್ರದ ಬೇರಿಂಗ್ ಬಳಿ ಇಂಥ ಆಯಸ್ಕಾಂತ–ಸುರುಳಿಯ ಸಾಧನಗಳನ್ನು ಕೂರಿಸಿತು, 2021ರಲ್ಲಿ ಅದನ್ನು ಹಿಟಾಚಿ ರೈಲ್ ಕೊಂಡಿತು. ಹಳಿಯ ಮೇಲಿನ ಕಂಪನ ಒಂದೇ ಆವೃತ್ತಿಯದ್ದಲ್ಲ, ಎಲ್ಲ ಬೆರೆತ ಗದ್ದಲ. ಅಂಥ ಗದ್ದಲದಲ್ಲಿ ಸೂಜಿಮೊನೆಯ ಅನುರಣನೆಗಿಂತ ತೂಕ ಮುಖ್ಯವಾಗುತ್ತದೆ, ಟನ್ನುಗಟ್ಟಲೆ ಭಾರದ ಗಾಡಿಗೆ ಒಂದು ಕಿಲೋ ಹೆಚ್ಚಾದರೆ ಯಾರಿಗೂ ತೊಂದರೆಯಿಲ್ಲ. ಇನ್ನು ಓವರ್‌ಹಾಲಿನಲ್ಲಿ ಸೆಲ್ ಬದಲಿಸುವ ಮಾತು. ಬದಲಿಸಬಹುದು, ಖರ್ಚೂ ಕಡಿಮೆ. ಆದರೆ ಬ್ಯಾಟರಿ ಅದನ್ನು ನೆಚ್ಚಿದವರನ್ನು ಜಿಪುಣರನ್ನಾಗಿ ಮಾಡುತ್ತದೆ. ಸೆಲ್ಲು ಮುಂದಿನ ಓವರ್‌ಹಾಲಿನವರೆಗೆ ಬಾಳಲಿ ಅಂತ ಐದು ನಿಮಿಷಕ್ಕೊಮ್ಮೆ ಇದ್ದದ್ದನ್ನು ಗಂಟೆಗೊಮ್ಮೆ ಮಾಡುತ್ತಾರೆ, ಹೇಗೂ ಏನೂ ಆಗುತ್ತಿಲ್ಲವಲ್ಲ ಅಂತ ದಿನಕ್ಕೊಮ್ಮೆ ಮಾಡುತ್ತಾರೆ. ಬೇರಿಂಗ್ ಕೆಡಲು ಶುರುವಾದದ್ದು ಕೆಲವೇ ಗಂಟೆಗಳ ಓಟದಲ್ಲಿ ಕಾದು ಬಿಗಿಯಬಹುದು. ದಿನಕ್ಕೊಮ್ಮೆ ನೋಡುವ ಸೆನ್ಸರ್ ಅಪಘಾತದ ಮರುದಿನ ವರದಿ ಕೊಡುತ್ತದೆ. ಕಂಪನದಿಂದ ನಡೆಯುವ ಸೆನ್ಸರಿಗೆ ಈ ಉಳಿತಾಯದ ಚಿಂತೆ ಇಲ್ಲ. ಗಾಡಿ ಓಡಿದಷ್ಟೂ ಅದಕ್ಕೆ ಆದಾಯ, ಓಡುವಾಗಲೇ ಅದಕ್ಕೆ ಕೆಲಸ. ಯಾರ್ಡಿನಲ್ಲಿ ತಿಂಗಳು ನಿಂತ ವ್ಯಾಗನ್ನಿನ ಬೇರಿಂಗ್ ನೋಡಬೇಕಾದ್ದೇ ಇಲ್ಲ, ಆಗ ಖರ್ಚೂ ಇಲ್ಲ. ಸೆಲ್ ಬದಲಿಸುವ ಕೂಲಿ ಉಳಿಯಿತು ಅಂತ ಇದನ್ನು ಹೊಗಳುತ್ತಾರೆ, ನನಗೆ ಅದು ಎರಡನೆಯ ಲಾಭ. ಮೊದಲನೆಯ ಲಾಭ, ಮಾಹಿತಿಗೆ ಪಡಿತರ ಇಲ್ಲದಿರುವುದು.

ಅವರು: ಹಾಗಾದರೆ ಸೇತುವೆ? ಸೇತುವೆಗಳ ಆರೋಗ್ಯಕ್ಕೂ ಇದನ್ನೇ ಹೇಳುತ್ತಾರಲ್ಲ.

ಇವರು: ಹೇಳುತ್ತಾರೆ, ನಾನು ಹೇಳುವುದಿಲ್ಲ. ಸೇತುವೆ ನಡುಗುವುದು ಸೆಕೆಂಡಿಗೆ ಕೆಲವೇ ಬಾರಿ, ಅದೂ ಬಹಳ ಮೆಲ್ಲಗೆ. ಅಷ್ಟು ಕಡಿಮೆ ಆವೃತ್ತಿಗೆ ಕೂರಿಸಬೇಕಾದರೆ ಸಾಧನ ದೊಡ್ಡದಾಗಬೇಕು. ಸೇತುವೆಯ ಮೇಲೆ ಬಿಸಿಲಿದೆ, ಒಂದು ಅಂಗೈ ಅಗಲದ ಸೋಲಾರ್ ಫಲಕ ಸಾಕು.

ಅವರು: ಸೀಸದ ಮಾತು ನೀವು ಎತ್ತಲೇ ಇಲ್ಲ. ಒಳ್ಳೆಯ ಪೀಜೋ ಪಿಂಗಾಣಿ ಅಂದರೆ ಇಂದಿಗೂ ಲೆಡ್ ಜಿರ್ಕೋನೇಟ್ ಟೈಟನೇಟ್, ಅದರ ತೂಕದಲ್ಲಿ ಶೇಕಡಾ 60ಕ್ಕೂ ಹೆಚ್ಚು ಸೀಸ. ಅದಕ್ಕಿಂತ ನನ್ನನ್ನು ಕಾಡುವುದು ಆಯಾಸ. 100 ಹರ್ಟ್ಸ್‌ನಲ್ಲಿ ಓಲಾಡುವ ಪಟ್ಟಿ ವರ್ಷಕ್ಕೆ 315 ಕೋಟಿ ಬಾರಿ ಬಾಗುತ್ತದೆ. ಪಿಂಗಾಣಿ ಬಿರುಕುಬಿಡುವ ಜಾತಿ. ಇಪ್ಪತ್ತು ವರ್ಷ ಮುಟ್ಟಬೇಕಾಗಿಲ್ಲ ಅಂತ ಹೇಳಿ ಮಾರಿದ ಪೆಟ್ಟಿಗೆ ಮೂರನೇ ವರ್ಷ ಸುಮ್ಮನಾದರೆ?

ಇವರು: ಸೀಸದ ಆಕ್ಷೇಪ ನಿಜ, ಸೀಸವಿಲ್ಲದ ಪೀಜೋಗಳು ಇನ್ನೂ ಹಿಂದೆಯೇ ಇವೆ. ರೈಲಿನ ಸಾಧನಗಳಲ್ಲಿ ಆಯಸ್ಕಾಂತ ಮತ್ತು ತಾಮ್ರದ ಸುರುಳಿ ಇರುವುದರಿಂದ ಅಲ್ಲಿ ಆ ಪ್ರಶ್ನೆ ಏಳುವುದಿಲ್ಲ. ಪಿಂಗಾಣಿಗಿಂತ ಉಕ್ಕಿನ ಸ್ಪ್ರಿಂಗ್ ಬಾಳಿಕೆ ಬರುತ್ತದೆ. ಬಾಗುವಿಕೆಯನ್ನು ಉಕ್ಕಿನ ಆಯಾಸದ ಮಿತಿಯೊಳಗೆ ಇಟ್ಟರೆ ಕೋಟಿಗಳ ಲೆಕ್ಕ ಅದನ್ನು ಹೆದರಿಸುವುದಿಲ್ಲ. ಹಾಗೆ ಇಡಬೇಕಾದರೆ ಓಲಾಟಕ್ಕೆ ಮಿತಿ ಹಾಕಬೇಕು, ಓಲಾಟ ಕಡಿಮೆಯಾದರೆ ಕರೆಂಟೂ ಕಡಿಮೆ. ಪ್ರಯೋಗಾಲಯದ ದಾಖಲೆಯ ಅಂಕಿಗಳನ್ನು ನಾನು ಅರ್ಧಕ್ಕೆ ಇಳಿಸಿ ಓದುವುದು ಇದೇ ಕಾರಣಕ್ಕೆ.

ಅವರು: ನಾನು ಕೇಳಿದ್ದು ಸುಮ್ಮನಾಗುವ ವಿಷಯ. ನಿಮ್ಮ ಸೆನ್ಸರ್ ಯಂತ್ರ ನಿಂತಾಗ ಸುಮ್ಮನಾಗುತ್ತದೆ. ಸ್ಪ್ರಿಂಗ್ ಮುರಿದಾಗಲೂ ಸುಮ್ಮನಾಗುತ್ತದೆ. ಕಂಟ್ರೋಲ್ ರೂಮಿನಲ್ಲಿ ಕೂತವರಿಗೆ ಇದು ಯಾವ ಮೌನ ಅಂತ ತಿಳಿಯುವುದು ಹೇಗೆ? ಬ್ಯಾಟರಿ ಸಾಯುವ ಮುಂಚೆ ವೋಲ್ಟೇಜ್ ಇಳಿದಿದೆ ಅಂತ ಹೇಳಿಯಾದರೂ ಸಾಯುತ್ತದೆ.

ಇವರು: ಅದಕ್ಕೆ ಅಕ್ಕಪಕ್ಕದವರನ್ನು ಕೇಳಬೇಕು. ವ್ಯಾಗನ್ನಿನ ಎಂಟು ಬೇರಿಂಗುಗಳಲ್ಲಿ ಏಳು ಮಾತಾಡುತ್ತಾ ಒಂದು ಸುಮ್ಮನಿದ್ದರೆ ಕೆಟ್ಟಿರುವುದು ಆ ಪೆಟ್ಟಿಗೆ. ಎಂಟೂ ಸುಮ್ಮನಿದ್ದರೆ ಗಾಡಿ ನಿಂತಿದೆ. ಇನ್ನೂ ಒಂದು ಸೂಕ್ಷ್ಮ ಇದೆ: ಕೆಪಾಸಿಟರ್ ತುಂಬಿದಾಗಲೆಲ್ಲ ಒಂದು ಸಂದೇಶ ಹೊರಡುವಂತೆ ಮಾಡಿದರೆ, ಎರಡು ಸಂದೇಶಗಳ ನಡುವಿನ ಸಮಯವೇ ಕಂಪನ ಎಷ್ಟಿದೆ ಅಂತ ಹೇಳುತ್ತದೆ. ಏಳು ಪೆಟ್ಟಿಗೆಗಳು ಒಂದೇ ಗತಿಯಲ್ಲಿ ಮಾತಾಡುವಾಗ ಎಂಟನೆಯದು ದುಪ್ಪಟ್ಟು ಅವಸರದಲ್ಲಿದ್ದರೆ ಅಲ್ಲಿ ಬೇರಿಂಗನ್ನೋ ಚಕ್ರವನ್ನೋ ಬಗ್ಗಿ ನೋಡಬೇಕು. ನಿಧಾನವಾಗುತ್ತಾ ಬಂದರೆ ಸ್ಪ್ರಿಂಗ್ ಸೋಲುತ್ತಿದೆ. ಆ ಮಟ್ಟಿಗೆ ಇದೂ ಹೇಳಿಯೇ ಸಾಯುತ್ತದೆ.

ಅವರು: ಊರಾಚೆಯ ಪಂಪ್‌ಹೌಸಿನಲ್ಲಿ ಒಂದೇ ಒಂದು ಮೋಟಾರು ಇದ್ದರೆ? ಅಕ್ಕಪಕ್ಕ ಕೇಳಲು ಯಾರೂ ಇಲ್ಲ.

ಇವರು: ಅಲ್ಲಿಗೆ ದಿನಾ ಆಪರೇಟರ್ ಹೋಗುತ್ತಾರೆ, ಗೋಡೆಯಲ್ಲಿ ಪ್ಲಗ್ ಪಾಯಿಂಟೂ ಇದೆ. ಅಲ್ಲಿ ಬಟನ್ ಸೆಲ್ಲೇ ಹಾಕಿ ಸಾರ್.